ಹಗಲು ಮಲಗುವ ಬೀದಿ

ಭದ್ರಾವತಿಯ ಕಾರ್ಖಾನೆ ಕಾಲೊನಿಯ ಹಿಂಭಾಗದಲ್ಲಿ ಒಂದು ಬೀದಿ ಹಗಲು ಹೊತ್ತು ಮಲಗುತ್ತದೆ. ಒಂದು ಕಡೆ ಶೀಟಿನ ಮನೆಗಳ ಸಾಲು, ಎದುರಿಗೆ ಹೊಂಗೆ ಮರಗಳ ಸಾಲು, ಮರಗಳ ಕೆಳಗೆ ಹಗ್ಗದ ಮಂಚಗಳು. ಕಾರ್ಖಾನೆ ಹಗಲೂ ರಾತ್ರಿ ಓಡುತ್ತಿದ್ದ ಕಾಲದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಮನೆಯೊಳಗಿನ ಕಾವು ತಾಳಲಾರದೆ ಮಂಚಗಳನ್ನು ಹೊರಗೆ ತಂದು ಹಾಕಿಕೊಂಡಿದ್ದರು. ಅವರ ನಿದ್ದೆ ಕೆಡಬಾರದೆಂದು ಯಾರೋ ಒಬ್ಬರು, ಕಾರ್ಖಾನೆಯ ಒಳಗಿನ ರೈಲು ಹಳಿಯ ಮೇಲೆ ಕೆಲಸ ಮಾಡುವಾಗ ನೆಡುತ್ತಿದ್ದ ಕೆಂಪು ಬಾವುಟವನ್ನು ತಂದು ನಡುವಿನ ಮರಕ್ಕೆ ಕಟ್ಟಿದರು. ಹಳಿಯ ಮೇಲೆ ಆಳುಗಳಿದ್ದಾರೆ, ನಿಲ್ಲು ಎಂದು ಅಲ್ಲಿ ಅದರ ಅರ್ಥ. ಈ ಬೀದಿಯಲ್ಲಿ ಅದು, ಯಾರೋ ಮಲಗಿದ್ದಾರೆ, ಮೆಲ್ಲಗೆ ಎಂದಾಯಿತು.

ಬಾವುಟ ಇರುವಷ್ಟು ಹೊತ್ತು ಅಲ್ಲಿ ಕುಕ್ಕರ್ ಕೂಗುವುದಿಲ್ಲ. ಅನ್ನವನ್ನು ಪಾತ್ರೆಯಲ್ಲಿ ಬೇಯಿಸಿ ಗಂಜಿ ಬಸಿಯುತ್ತಾರೆ. ಬೈಕಿನವರು ಮೂಲೆಯಲ್ಲೇ ಎಂಜಿನ್ ಆರಿಸಿ ತಳ್ಳಿಕೊಂಡು ಬರುತ್ತಾರೆ. ಸೊಪ್ಪಿನವಳು ಕೂಗದೆ ಬಾಗಿಲ ಮುಂದೆ ನಿಂತು ಕಟ್ಟನ್ನು ಎತ್ತಿ ತೋರಿಸುತ್ತಾಳೆ, ಒಳಗಿನವರು ಬೆರಳು ತೋರಿಸುತ್ತಾರೆ, ಅವಳು ಮುಖ ಸಿಂಡರಿಸಿ ಇನ್ನೊಂದು ಬೆರಳು ಸೇರಿಸುತ್ತಾಳೆ, ವ್ಯಾಪಾರ ಮುಗಿಯುತ್ತದೆ. ಮಕ್ಕಳು ಮಗ್ಗಿಯನ್ನು ಪಿಸುಮಾತಿನಲ್ಲೇ ಕಲಿಯುತ್ತವೆ. ಆ ಬೀದಿಯಿಂದ ಮದುವೆಯಾಗಿ ಹೋದ ಹುಡುಗಿಯರನ್ನು ಅತ್ತೆ ಮನೆಯವರು ‘ಇವಳಿಗೆ ಗಂಟಲೇ ಇಲ್ವಲ್ಲಾ’ ಎಂದು ಕೆಣಕುವುದುಂಟು.

ನಡುವಿನ ಮರದ ಎದುರು ಮನೆ ಉಮಾಮಹೇಶ್ವರಿಯದು. ಬಾವುಟ ಕಟ್ಟುವ, ಬಿಚ್ಚುವ ಕೆಲಸ ಅತ್ತೆಯಿಂದ ಅವಳ ಪಾಲಿಗೆ ಬಂದಿತ್ತು. ಪಾತ್ರೆ ತೊಳೆದು, ಬಟ್ಟೆ ಹಿಂಡಿ ಹಾಕಿ, ಮಧ್ಯಾಹ್ನ ಹೊಸ್ತಿಲ ಮೇಲೆ ಕೂತು ಅವಳು ಕಾಳು ಆರಿಸುತ್ತಾ ಮಂಚಗಳ ಕಡೆ ನೋಡುತ್ತಿದ್ದಳು. ಬಿಸಿಲು ಎಲೆಗಳ ನಡುವಿಂದ ಸೋಸಿ ಬಂದು ಮಲಗಿದವರ ಮೈಮೇಲೆ ನೀರಿನೊಳಗಿನ ಬೆಳಕಿನಂತೆ ಅಲುಗುತ್ತಿತ್ತು. ಕಾವಲು ಕೂತವರಿಗೆ ಮಲಗಿದವರ ಕನಸು ಸ್ವಲ್ಪ ಸ್ವಲ್ಪ ಸೋರಿ ಬರುತ್ತದೆ ಎಂದು ಆ ಬೀದಿಯ ಹೆಂಗಸರು ನಂಬಿದ್ದರು. ಉಮಾಗೆ ಎಷ್ಟೋ ಸಲ ಕೈಯಲ್ಲಿ ಹೆಸರುಕಾಳು ಹಿಡಿದಿರುವಾಗಲೇ, ತಾನು ಕಾಣದ ಕುಲುಮೆಯ ಕೆಂಪು ಬೆಳಕು ಕಣ್ಣ ಮುಂದೆ ಹಾದು ಹೋದದ್ದುಂಟು.

ಅದು ಗಂಡ ಸಿದ್ದುವಿನ ಕನಸೇ ಇರಬೇಕು. ಕಾರ್ಖಾನೆ ಮುಚ್ಚಿ ಕುಲುಮೆಯ ಕೆಲಸ ಹೋದ ಮೇಲೆ ಸಿದ್ದು ಶಿವಮೊಗ್ಗದ ಸವಳಂಗ ರಸ್ತೆಯ ಕಾರಿನ ಶೋರೂಮೊಂದಕ್ಕೆ ರಾತ್ರಿ ಕಾವಲಿಗೆ ಸೇರಿದ್ದ. ಬೆಳಗಿನ ಬಸ್ಸಿಗೆ ಬಂದು, ತಿಂಡಿ ತಿಂದು, ಮಂಚಕ್ಕೆ ಬಿದ್ದರೆ ಸಂಜೆವರೆಗೆ ಏಳುತ್ತಿರಲಿಲ್ಲ. ಹೋದ ವರ್ಷ ಬೇಸಿಗೆಯಲ್ಲಿ ಕರೆಂಟಿನ ತಂತಿಗೆ ತಾಗುತ್ತದೆಂದು ಹೊಂಗೆಯ ಕೊಂಬೆಗಳನ್ನೆಲ್ಲ ಸವರಿದ್ದರು. ನೆರಳಿಲ್ಲದೆ ಸಿದ್ದು ಕೆಲವು ದಿನ ಒಳಗೆ ಶೀಟಿನ ಕೆಳಗೆ ಮಲಗಿದ. ಒಂದು ಮಧ್ಯಾಹ್ನ ಉಮಾ ನೀರು ಕೊಡಲು ಹೋಗಿ ಎಬ್ಬಿಸಿದರೆ ಏಳಲಿಲ್ಲ. ಮೈ ಒಲೆಯಂತೆ ಸುಡುತ್ತಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಪಕ್ಕದ ಮನೆಯ ಶರಾವತಿ ಶಿವಮೊಗ್ಗದ ದುರ್ಗಿಗುಡಿಯ ನರ್ಸಿಂಗ್ ಹೋಮೊಂದರಲ್ಲಿ ರಾತ್ರಿ ನರ್ಸು. ಅವಳು ನಿದ್ದೆಗಣ್ಣಲ್ಲೇ ಎದ್ದು ಬಂದು ಒದ್ದೆ ಬಟ್ಟೆ ಸುತ್ತಿ, ಆಟೋ ಹತ್ತಿಸಿ, ದಾರಿಯುದ್ದಕ್ಕೂ ಬಾಟಲಿಯಿಂದ ನೀರು ಚಿಮುಕಿಸುತ್ತಾ ಕರೆದುಕೊಂಡು ಹೋಗಿದ್ದಳು. “ಇವರು ಇನ್ನೊಂದ್ಸಲ ಆ ಶೀಟಿನ ಕೆಳಗೆ ಮಲಗಿದ್ರೆ ನಾನು ಉಳಿಸ್ತೀನಿ ಅಂತ ಮಾತು ಕೊಡಲ್ಲ” ಎಂದಿದ್ದರು ಡಾಕ್ಟರು. ಹೊಂಗೆ ಬೇಗ ಚಿಗುರುವ ಮರ. ಮಳೆಗಾಲ ಕಳೆಯುವಷ್ಟರಲ್ಲಿ ನೆರಳು ವಾಪಸು ಬಂತು, ಸಿದ್ದುವೂ ನೆರಳಿಗೆ ವಾಪಸು ಬಂದ. ಆದರೆ ಉಮಾಗೆ ಆ ಬಿಸಿ ಮೈಯ ನೆನಪು ಅಂಗೈಯಿಂದ ಹೋಗಲಿಲ್ಲ.

ಈ ವರ್ಷ ನಗರಸಭೆಯ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿ, ಕಷ್ಟದ ವರ್ಷದಲ್ಲಿ ಆ ಕುರ್ಚಿ ಬೇಡವೆಂದು ಉಳಿದವರು ಹಿಂದೆ ಸರಿದು, ಮೊದಲ ಸಲ ಸದಸ್ಯೆಯಾಗಿ ಗೆದ್ದಿದ್ದ ಉಮಾಮಹೇಶ್ವರಿಯೇ ಅಧ್ಯಕ್ಷೆಯಾಗಿದ್ದಳು. ಬಜೆಟ್ ಓದಬೇಕಾದವಳು ಅವಳೇ. ಅದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತಾದದ್ದು ಫೆಬ್ರವರಿಯಲ್ಲಿ, ಪೌರಾಯುಕ್ತರ ಕೋಣೆಯಲ್ಲಿ ನಡೆದ ಪೂರ್ವಭಾವಿ ಸಭೆಯಲ್ಲಿ.

ಕಾರ್ಖಾನೆಯಿಂದ ಬರುತ್ತಿದ್ದ ತೆರಿಗೆ ನಿಂತಿತ್ತು. ಪೇಟೆಯಲ್ಲಿ ಅರ್ಧ ಅಂಗಡಿಗಳ ಷಟರು ಇಳಿದಿತ್ತು. ಸರ್ಕಾರದ ಅನುದಾನ ಸೊರಗಿತ್ತು. ಪೌರಾಯುಕ್ತರು ಓದುತ್ತಾ ಹೋದರು. ವ್ಯಯದ ಕಡೆ ಈ ಸಲ ಹೊಸದೊಂದು ಬಾಬ್ತು ಇತ್ತು: ಹವಾಮಾನ ಯೋಜನೆ. ಊರಿಗೆಲ್ಲ ಸಸಿ, ಬಿಸಿಲಿಗೆ ತಗಡಿನ ತಂಗುದಾಣ, ಕುಡಿಯುವ ನೀರಿನ ಮಡಕೆ. ಆಯದ ಕಡೆಯೂ ಹೊಸದೊಂದಿತ್ತು: ಕಾಲೊನಿ ಹಿಂಭಾಗದ ಹೊಂಗೆ ಸಾಲಿನ ಜಾಗವನ್ನು ವಾಣಿಜ್ಯ ಮಳಿಗೆಗಾಗಿ ಹರಾಜು ಹಾಕುವುದು.

ಉಮಾ ಹಾಳೆಯ ಆ ಎರಡು ಸಾಲುಗಳ ಮೇಲೂ ಬೆರಳಿಟ್ಟಳು.

“ಒಂದ್ಕಡೆ ಮರ ಮಾರ್ತೀವಿ, ಇನ್ನೊಂದ್ಕಡೆ ಸಸಿ ಕೊಳ್ತೀವಿ. ಇದೆಂಥ ಲೆಕ್ಕ?” ಎಂದಳು.

“ಮರ ಮಾರಲ್ಲಮ್ಮ, ಜಾಗ ಮಾರ್ತೀವಿ” ಎಂದರು ಯಜ್ಞನಾರಾಯಣ. ಅವರು ಹಿರಿಯ ಸದಸ್ಯರು. ಅಡಿಕೆ ಮಂಡಿಯಿತ್ತು, ಬೈಪಾಸಿನಲ್ಲಿ ದೊಡ್ಡ ಕಲ್ಯಾಣ ಮಂಟಪವಿತ್ತು, ಮಾತಿನ ನಡುವೆ ಒಂದೆರಡು ಶ್ಲೋಕ ಹೇಳುವ ಅಭ್ಯಾಸವಿತ್ತು. “ಮರ ಅದರ ಮೇಲಿದೆ ಅಷ್ಟೆ. ಹತ್ತು ಕಡೆ ಸಸಿ ನೆಡ್ತೀವಲ್ಲ.”

“ಸಸಿ ಮರ ಆಗೋ ತನಕ ಜನ ಎಲ್ಲಿ ಮಲಗ್ಬೇಕು ಸ್ವಾಮಿ?”

“ತಂಗುದಾಣ ಇದೆಯಲ್ಲ.”

“ತಗಡಿನ ಕೆಳಗೆ ಮಲಗಿ ನೋಡಿದ್ದೀರಾ?”

“ನನಗೆ ಎಲ್ಲಿ ಮಲಗಿದ್ರೂ ನಿದ್ದೆ ಬರಲ್ಲಮ್ಮ” ಎಂದು ಅವರು ನಕ್ಕರು. “ಎ.ಸಿ. ಹಾಕಿಸ್ದೆ. ಅಶ್ವಗಂಧ ಕುಡಿದೆ. ನನ್ನ ಹೆಂಡತೀನ ಕೇಳಿ, ಮನೆ ಕಾಯೋಕೆ ನಾಯಿ ಬೇಡ ಅಂತಾಳೆ.”

ಎಲ್ಲರೂ ನಕ್ಕರು. ಉಮಾ ನಗಲಿಲ್ಲ. “ಬೈಪಾಸಿನ ಮಂಟಪ, ಲಾಡ್ಜು, ಗೋಡೌನು ಇವೆಲ್ಲ ನಮ್ಮಲ್ಲಿ ವಾಸದ ಮನೆ ಅಂತ ಇವೆ. ಮಾಲೀಕರು ತಾವೇ ಘೋಷಿಸ್ಕೊಂಡು ಕಟ್ಟೋ ತೆರಿಗೆ ಇದು. ಒಂದ್ಸಲ ಹೋಗಿ ಅಳೆದ್ರೆ ಆಗಲ್ವಾ? ಜಾಗ ಮಾರೋ ಗತಿ ಯಾಕೆ ಬರುತ್ತೆ?”

ಈ ಸಲ ಯಾರೂ ನಗಲಿಲ್ಲ. ಯಜ್ಞನಾರಾಯಣ ಕನ್ನಡಕ ಒರೆಸಿಕೊಂಡರು. “ಕಷ್ಟದ ಕಾಲದಲ್ಲಿ ಯಾರ ಮೇಲೂ ತೆರಿಗೆ ಹೇರಬಾರದಮ್ಮ. ಹೇರಿದ್ರೆ ಇರೋ ವ್ಯಾಪಾರವೂ ನಿಲ್ಲುತ್ತೆ.”

“ನೆರಳು ಕಿತ್ಕೊಳ್ಳೋದೂ ತೆರಿಗೆನೇ ಅಲ್ವಾ? ನಮ್ಮ ಬೀದಿಯವರು ಅದನ್ನ ಮೈಯಲ್ಲಿ ಕಟ್ತಾರೆ.”

ಅಷ್ಟರಲ್ಲಿ ಬಾಯಿ ಹಾಕಿದವನು ಇನಾಯತುಲ್ಲಾ. ಅವನೂ ಸದಸ್ಯ, ಪೇಟೆಯಲ್ಲಿ ಅವನದೊಂದು ಬಟ್ಟೆ ಅಂಗಡಿ. ಉಮಾಳನ್ನು ಅಕ್ಕಾ ಎಂದೇ ಕರೆಯುವವನು. “ಅಕ್ಕಾ, ಅಳತೆ ಟೇಪು ಒಂದ್ಸಲ ಆಫೀಸಿಂದ ಹೊರಗೆ ಬಂತು ಅಂದ್ರೆ ಅದು ಬೈಪಾಸಿನವರೆಗೆ ಹೋಗಲ್ಲ. ದಾರಿಯಲ್ಲೇ ನನ್ನಂಥವರ ಅಂಗಡಿ ಸಿಗುತ್ತೆ. ರಂಜಾನ್ ಬಂತು, ಗಿರಾಕಿಗಳು ಬಟ್ಟೆ ಮುಟ್ಟಿ ನೋಡಿ, ಮಾಷಾಅಲ್ಲಾ ಅಂದು, ಹಾಗೇ ಹೋಗ್ತಾರೆ. ಇನ್ನು ಪರವಾನಗಿ ಶುಲ್ಕಾನೂ ಏರಿಸಿದ್ರೆ ನಾನು ಷಟರ್ ಎಳ್ಕೊಂಡು ನಿಮ್ಮ ಬೀದಿಗೇ ಬಂದು ಮಲಗ್ಬೇಕು.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹರಾಜಿನ ಬಾಬ್ತು ಹಾಗೇ ಉಳಿಯಿತು.

ಮರುದಿನ ಮಧ್ಯಾಹ್ನ ಹೊಸ್ತಿಲ ಮೇಲೆ ಕೂತವಳಿಗೆ ಜೋಂಪು ಹತ್ತಿತು. ನಗರಸಭೆಯ ಆಳುಗಳು ಬಂದು ನೆರಳನ್ನು ಚಾಪೆಯಂತೆ ಸುತ್ತುತ್ತಿದ್ದರು. ಒಂದು ತುದಿಯಿಂದ ಸುತ್ತುತ್ತಾ ಬಂದ ಹಾಗೆ ಮಂಚಗಳು ಒಂದೊಂದಾಗಿ ಬಿಸಿಲಿಗೆ ಬೀಳುತ್ತಿದ್ದವು. ಸುರುಳಿಗಳನ್ನು ಟ್ರ್ಯಾಕ್ಟರಿಗೆ ತುಂಬಿಕೊಂಡು ಬೈಪಾಸಿನ ಮಂಟಪದ ಅಂಗಳಕ್ಕೆ ಹೋದರು. ಅಲ್ಲಿ ಹಾಸಲು ನೋಡಿದರೆ ನೆರಳು ನೆಲಕ್ಕೆ ಕೂರಲೊಲ್ಲದು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಆಳುಗಳು ಮೂಲೆಗೊಂದು ಕಲ್ಲು ಹೇರಿದರು. ಉಮಾ ಸೆರಗು ಸಿಕ್ಕಿಸಿಕೊಂಡು ಓಡಿ ಹೋಗಿ, “ಇದಕ್ಕೆ ರಸೀತಿ ಎಲ್ಲಪ್ಪ? ರಸೀತಿ ಕೊಡಿ” ಎಂದು ಕೇಳುತ್ತಿದ್ದಳು. ಎಚ್ಚರವಾದಾಗ ಮೊರದಲ್ಲಿದ್ದ ಕಾಳೆಲ್ಲ ಮಡಿಲಿಗೆ ಬಿದ್ದಿತ್ತು. ಎದುರಿಗೆ ನೆರಳು ಇದ್ದಲ್ಲೇ ಇತ್ತು. ಸಿದ್ದು ಒಂದು ಕಾಲನ್ನು ಮಂಚದಿಂದ ಇಳಿಬಿಟ್ಟು ಮಲಗಿದ್ದ.

ನಗರಸಭೆಯ ಜಾಗ ಹರಾಜು ಹಾಕುವ ಮೊದಲು ಆ ಜಾಗದಲ್ಲೇ ನಿಂತು, ಹಗಲು ಹೊತ್ತು, ಎಲ್ಲರಿಗೂ ಕೇಳುವಂತೆ ಡಂಗುರ ಹೊಡೆಸಬೇಕು. ಆ ಊರಿನಲ್ಲಿ ಹಿಂದಿನಿಂದ ನಡೆದು ಬಂದ ಕ್ರಮ ಅದು. ಈಗ ತಮಟೆಯ ಜೊತೆ ಆಟೋದ ಮೇಲೊಂದು ಮೈಕು ಸೇರಿತ್ತು. ಆ ಕೆಲಸ ಜಟ್ಟಪ್ಪನದು. ಅವನ ಗಂಟಲಿಗೆ ಮೈಕು ದಂಡ ಎಂದು ಊರವರು ಹೇಳುತ್ತಿದ್ದರು. ಹರಾಜಿನ ಡಂಗುರದ ಆದೇಶಕ್ಕೆ ಅಧ್ಯಕ್ಷೆಯಾಗಿ ಉಮಾಳೇ ಸಹಿ ಹಾಕಬೇಕಾಯಿತು. ಹಾಕಿದಳು.

ಜಟ್ಟಪ್ಪ ಬಂದ ದಿನ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಬೀದಿಯ ಮೂಲೆಗೆ ಬರುತ್ತಲೇ ಅವನು ಎಂಜಿನ್ ಆರಿಸಿದ. ಆಟೋವನ್ನು ತಳ್ಳಿಕೊಂಡು ನಡುವಿನ ಮರದವರೆಗೆ ಬಂದ. ಬಾವುಟ ಇತ್ತು. ಅದರ ಕೆಳಗೆ ಸಿದ್ದು, ಆಚೆ ಮಂಚದಲ್ಲಿ ಮುಖಕ್ಕೆ ದುಪಟ್ಟಾ ಮುಚ್ಚಿಕೊಂಡ ಶರಾವತಿ. ಜಟ್ಟಪ್ಪ ಮೈಕು ಕೈಗೆ ತೆಗೆದುಕೊಂಡ, ಬಾಯಿ ತೆರೆದ, ಮುಚ್ಚಿದ. ಅವನು ಹುಟ್ಟಿ ಬೆಳೆದದ್ದು ಹಿಂದಿನ ಸಾಲಿನಲ್ಲೇ. ಅಪ್ಪ ರಾತ್ರಿ ಪಾಳಿಯವನು.

ಕೊನೆಗೆ ಬಂದು ಉಮಾಳ ಮೆಟ್ಟಿಲ ಮೇಲೆ ಕೂತ. “ಅಮ್ಮಾವ್ರೆ, ಬಾವುಟ ಯಾವಾಗ ಇಳಿಯುತ್ತೆ?” ಎಂದ, ಉಸಿರಿನಲ್ಲೇ.

“ಶರಾವತಿ ಏಳೋ ಹೊತ್ತಿಗೆ ಬೇಕರಿಯವನು ಮಲಗೋಕೆ ಬರ್ತಾನೆ. ಅವನು ಏಳೋದ್ರೊಳಗೆ ರೈಲ್ವೆ ಪಾರ್ಸೆಲ್ಲಿನವರು. ಕತ್ತಲಾದ ಮೇಲೇ ಇಳಿಸೋದು.”

“ಮುಂಚೆ ಹೀಗಿರ್ಲಿಲ್ಲ. ಪಾಳಿ ಬದಲಾಗೋ ಹೊತ್ತಿಗೆ ಇಳಿಸ್ತಿದ್ರಿ. ನಾವು ಆಗ ಗೋಲಿ ಆಡಿ ಕಿರುಚಾಡಿ ಮುಗಿಸ್ಕೊಳ್ತಿದ್ವಿ.”

“ಮುಂಚೆ ಕಾರ್ಖಾನೆ ಇತ್ತು. ಈಗ ಜನ ಕೆಲಸ ಸಿಕ್ಕ ಹೊತ್ತಿಗೆ ದುಡೀತಾರೆ, ನಿದ್ದೆ ಸಿಕ್ಕ ಹೊತ್ತಿಗೆ ಮಲಗ್ತಾರೆ.” ಅವಳು ತಡೆದು, “ಕೂಗಬೇಡ ಅಂತ ನಾನು ಹೇಳಿಲ್ಲ ಜಟ್ಟಪ್ಪ. ನಾನು ಹೇಳಬಾರದು” ಎಂದಳು.

“ನೀವು ಹೇಳ್ಲಿಲ್ಲ. ಗಂಟಲೇ ಬರ್ತಿಲ್ಲ ಮಾರಾಯ್ತಿ, ಏನ್ ಮಾಡ್ಲಿ” ಎಂದ ಜಟ್ಟಪ್ಪ. ಹೇಳಿದ ಮೇಲೆ ತಾನು ಅಧ್ಯಕ್ಷೆಯನ್ನು ಮಾರಾಯ್ತಿ ಎಂದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ. ಉಮಾ ಮಜ್ಜಿಗೆ ತಂದುಕೊಟ್ಟಳು. ಕುಡಿದು, ಆಟೋ ತಳ್ಳಿಕೊಂಡು ಹೋದ. ಮತ್ತೆ ಬಂದ, ಮತ್ತೆ ಹಾಗೇ ಹೋದ. ಬಾವುಟ ಇಳಿದಿರಲಿಲ್ಲವಾದ್ದರಿಂದ ಡಂಗುರ ಹೊಡೆಯಲಾಗಲಿಲ್ಲ ಎಂದು ಪೌರಾಯುಕ್ತರ ಎದುರು ಇದ್ದದ್ದನ್ನು ಇದ್ದಂತೆ ಹೇಳಿದ.

ಬಜೆಟ್ ಸಭೆ ಹತ್ತಿರ ಬಂದಿತ್ತು. ಪೌರಾಯುಕ್ತರು ಉಮಾಳನ್ನು ಕರೆಸಿದರು. “ಮೇಡಂ, ನೀವು ಏನೂ ಮಾಡ್ಬೇಡಿ. ಒಂದು ಹತ್ತು ನಿಮಿಷ ಆ ಬಾವುಟ ಇಳಿಸಿ. ಜಟ್ಟಪ್ಪ ಕೂಗಿ ಹೋಗ್ತಾನೆ.”

“ಮಲಗಿರೋರು ಇರುವಾಗ ಇಳಿಸಿದ್ರೆ ಅದು ಸುಳ್ಳಾಗುತ್ತೆ ಸರ್. ಆಮೇಲೆ ಅದನ್ನ ಯಾರೂ ನಂಬಲ್ಲ. ನೀವೇ ಬಂದು ಇಳಿಸಿ. ನಾನು ತಡೆಯಲ್ಲ.”

ಇದೆಲ್ಲ ಅಧ್ಯಕ್ಷೆಯದೇ ನಾಟಕ ಎಂದು ಯಜ್ಞನಾರಾಯಣರಿಗೆ ಅನಿಸಿತ್ತು. ತಾವೇ ಹೋಗಿ ಇಳಿಸುತ್ತೇನೆಂದರು. ಹಾಗೆ ಒಂದು ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಅವರು, ಪೌರಾಯುಕ್ತರು, ರಂಜಾನ್ ಉಪವಾಸದ ರೋಜಾ ಹಿಡಿದು ತುಟಿ ಒಣಗಿದ್ದ ಇನಾಯತುಲ್ಲಾ, ಹಿಂದೆ ತಮಟೆ ಹೊತ್ತ ಜಟ್ಟಪ್ಪ, ನಾಲ್ವರೂ ಬೀದಿಯ ಮೂಲೆಯಲ್ಲಿ ಜೀಪಿನಿಂದ ಇಳಿದರು.

ಬಿಸಿಲಿನಿಂದ ನೆರಳಿಗೆ ಕಾಲಿಟ್ಟವರು ಮೊದಲು ಮಾಡಿದ್ದು ನಿಲ್ಲುವುದು. ಮಾರ್ಚಿನಲ್ಲಿ ಉಳಿದ ಮರಗಳು ಮಂಕಾಗಿರುವಾಗ ಹೊಂಗೆ ಹೊಸ ಎಲೆ ಹೊತ್ತು ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಗಾಳಿ ಬೇರೆಯಿತ್ತು. ಬಾವಿಯ ಹತ್ತಿರ ಬಂದ ಹಾಗೆ ಇತ್ತು. ಇನಾಯತುಲ್ಲಾ ಚಪ್ಪಲಿ ಬಿಟ್ಟ, ಯಾಕೆಂದು ಅವನಿಗೇ ಗೊತ್ತಾಗಲಿಲ್ಲ. ಯಜ್ಞನಾರಾಯಣ ಮಾತ್ರ ನೇರ ನಡುವಿನ ಮರದ ಹತ್ತಿರ ಹೋಗಿ ಗಂಟಿಗೆ ಕೈ ಹಾಕಿದರು. ಅವರ ಮೊಣಕೈಯ ಕೆಳಗೇ ಸಿದ್ದುವಿನ ಮುಖ. ಬಾಯಿ ಅರೆ ತೆರೆದಿತ್ತು. ಉಸಿರು ದೂರದಿಂದ ಬಂದು ದೂರ ಹೋಗುತ್ತಿತ್ತು. ಅಂಥ ನಿದ್ದೆಯನ್ನು ಅವರು ಬಹಳ ಕಾಲದಿಂದ ಹತ್ತಿರದಿಂದ ನೋಡಿರಲಿಲ್ಲ. ಕೈ ಗಂಟಿನ ಮೇಲೇ ಉಳಿಯಿತು.

“ನೀನು ಬಿಚ್ಚಪ್ಪ” ಎಂದರು ಜಟ್ಟಪ್ಪನಿಗೆ, ಪಿಸುಮಾತಿನಲ್ಲಿ.

ಜಟ್ಟಪ್ಪ ಪೌರಾಯುಕ್ತರ ಕಡೆ ನೋಡಿದ. ಪೌರಾಯುಕ್ತರು ಇನಾಯತುಲ್ಲಾನ ಕಡೆ ನೋಡಿದರು.

“ನನ್ನ ನೋಡ್ಬೇಡಿ ಸಾರ್. ನಂದು ರೋಜಾ” ಎಂದ ಅವನು. “ಅವರು ಮಗ್ಗುಲು ಬದಲಾಯಿಸ್ಲಿ. ಆಗ ಬಿಚ್ಚೋಣ. ಅಲ್ಲೀವರೆಗೆ ಒಂದೈದು ನಿಮಿಷ...” ಎನ್ನುತ್ತಾ ಖಾಲಿ ಮಂಚವೊಂದರ ಮೇಲೆ ಕೂತ. ಆಮೇಲೆ ಒರಗಿದ. ಟೋಪಿ ಮುಖದ ಮೇಲೆ ಬಂತು. ಪೌರಾಯುಕ್ತರು ಫೋನು ನೋಡುತ್ತಾ ಮರಕ್ಕೆ ಬೆನ್ನು ಕೊಟ್ಟು ಕೂತರು, ಫೋನು ಹಿಡಿದ ಕೈ ನಿಧಾನವಾಗಿ ತೊಡೆಗಿಳಿಯಿತು. ಯಜ್ಞನಾರಾಯಣ ಸ್ವಲ್ಪ ಹೊತ್ತು ನಿಂತರು, ಸ್ವಲ್ಪ ಹೊತ್ತು ಮಂಚದ ಅಂಚಿಗೆ ಕೂತರು. ಉಮಾ ಒಳಗಿಂದ ದಿಂಬು ತಂದಿಟ್ಟಳು. “ಬೇಡಮ್ಮ, ನನಗೆ ಬರಲ್ಲ” ಎಂದರು. ಅಷ್ಟೇ ಅವರು ಹೇಳಿದ್ದು.

ಬೀದಿ ಮತ್ತೆ ಮುಳುಗಿತು. ಉಮಾ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಎಲೆಯ ಬೆಳಕು ಎಲ್ಲರ ಮೇಲೂ ಒಂದೇ ತರ ಅಲುಗುತ್ತಿತ್ತು. ಅವಳಿಗೆ ಒಮ್ಮೆ ಕುಲುಮೆ ಕಂಡಿತು, ಒಮ್ಮೆ ಥಾನು ಥಾನು ಬಿಚ್ಚಿ ಹಾಸಿದ ಬಟ್ಟೆಯ ಬಯಲು ಕಂಡಿತು. ಇನ್ನೊಮ್ಮೆ ಒಂದು ದೊಡ್ಡ ಖಾಲಿ ಮಂಟಪ, ಅದರ ತುಂಬ ಮಡಚಿಟ್ಟ ಕುರ್ಚಿಗಳು, ನಡುವೆ ಯಾರೋ ಒಬ್ಬರು ದೀಪ ಆರಿಸುತ್ತಾ ಓಡಾಡುತ್ತಿರುವುದು ಕಂಡಿತು. ಆ ಕನಸು ಯಾರದೆಂದು ಅವಳಿಗೆ ತಿಳಿಯಿತು. ಈ ವರ್ಷ ಮದುವೆಗಳು ಕಡಿಮೆಯಾಗಿವೆ ಎಂದು ಊರೇ ಹೇಳುತ್ತಿತ್ತು. ಬಿಸಿಲು ಸರಿದು ಯಜ್ಞನಾರಾಯಣರ ಕಣ್ಣ ಮೇಲೆ ಬಿದ್ದಾಗ ಎದ್ದು ಹೋಗಿ ಛತ್ರಿ ಬಿಚ್ಚಿಟ್ಟು ಬಂದಳು.

ಸಂಜೆ ಮೊದಲು ಎದ್ದವನು ಸಿದ್ದು. ಕಣ್ಣುಜ್ಜಿಕೊಂಡು ಆಚೀಚೆ ನೋಡಿದ.

“ಉಮಾ, ಇವರನ್ನೆಲ್ಲ ಯಾವ ಪಾಳಿಗೆ ಹಾಕಿದೀಯೇ?” ಎಂದ ಮೆಲ್ಲಗೆ.

“ಶ್! ಡಂಗುರ ಹೊಡೆಯೋಕೆ ಬಂದಿದ್ದು.”

“ಹೊಡೆದ್ರಾ?”

“ಇಲ್ಲಿಂದಾನೇ ಕೇಳ್ತಿದೆಯಲ್ಲ, ಗೊರಕೆ.”

ಜಟ್ಟಪ್ಪ ತಮಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತೇ ಇದ್ದ. ಈಗಂತೂ ಕೂಗುವ ಹಾಗೇ ಇರಲಿಲ್ಲ.

ಯಜ್ಞನಾರಾಯಣ ಎದ್ದಾಗ ಸೂರ್ಯ ಶೀಟಿನ ಅಂಚಿಗಿಳಿದಿದ್ದ. ಒಂದು ಗಳಿಗೆ ತಾವು ಎಲ್ಲಿದ್ದೇವೆಂದು ಗೊತ್ತಾಗದೆ ಚಿಕ್ಕ ಮಗುವಿನಂತೆ ನೋಡಿದರು. ಆಮೇಲೆ ಶಲ್ಯ ಸರಿಮಾಡಿಕೊಂಡರು. “ನನಗೆ ನಿದ್ದೆ ಬಂತು ಅಂತ ಊರಿನ ಆಯವ್ಯಯ ಬದಲಾಗಲ್ಲಮ್ಮ” ಎಂದರು.

“ಗೊತ್ತು ಸ್ವಾಮಿ. ಮಜ್ಜಿಗೆ ತರ್ತೀನಿ, ಕುಡೀರಿ.”

ಆಯವ್ಯಯ ಬದಲಾಗಬೇಕಾಗಿ ಬಂದದ್ದು ನಿದ್ದೆಯಿಂದಲ್ಲ, ಡಂಗುರವಿಲ್ಲದೆ ಹೋದದ್ದರಿಂದ. ಮರುದಿನ ಪೌರಾಯುಕ್ತರು, ಸಾರಿ ಹೇಳದ ಹರಾಜನ್ನು ಆಯದ ಕಡೆ ತೋರಿಸಲು ಬರುವುದಿಲ್ಲ, ಮತ್ತೆ ಸಾರಲು ಈಗ ಸಮಯವಿಲ್ಲ ಎಂದರು. ಬಜೆಟ್ಟಿನಲ್ಲಿ ಒಂದು ದೊಡ್ಡ ತೂತು ಬಿತ್ತು. ಅದನ್ನು ಮುಚ್ಚುವ ದಾರಿ ಅಧ್ಯಕ್ಷರೇ ಸಭೆಗೆ ತಿಳಿಸಲಿ ಎಂದರು.

ಉಮಾ ಇನಾಯತುಲ್ಲಾನ ಅಂಗಡಿಗೆ ಹೋದಳು. ಅವನು ಯಾರೂ ಕೊಳ್ಳದ ಬಟ್ಟೆಗಳನ್ನು ಮತ್ತೆ ಮಡಚುತ್ತಿದ್ದ. ಅವಳೂ ಕೂತು ಒಂದು ತುದಿ ಹಿಡಿದುಕೊಂಡಳು.

“ಟೇಪು ಆಫೀಸಿಂದ ಹೊರಡಲ್ಲ ತಮ್ಮಾ. ಬೈಪಾಸಿಂದ ಶುರುವಾಗುತ್ತೆ. ದೊಡ್ಡ ಕಟ್ಟಡದಿಂದ ಚಿಕ್ಕದಕ್ಕೆ ಬರುತ್ತೆ, ಪೇಟೆ ಬಾಗಿಲಲ್ಲೇ ನಿಲ್ಲುತ್ತೆ. ಸಣ್ಣ ಅಂಗಡಿಗಳ ಶುಲ್ಕ ಈ ವರ್ಷ ಒಂದು ಪೈಸೆ ಏರಲ್ಲ. ಬ್ಯಾಡ ಅಂದ್ರೆ ಹೇಳು.”

“ಇದನ್ನ ಯಾರು ನಂಬ್ತಾರೆ ಅಕ್ಕಾ?”

“ಮೊದಲನೇ ದಿನ ಯಜ್ಞನಾರಾಯಣರ ಮಂಟಪ ಅಂತ ಬಜೆಟ್ ಭಾಷಣದಲ್ಲೇ ಓದ್ತೀನಿ. ಆಗ ನಂಬ್ತೀಯಾ?”

ಇನಾಯತುಲ್ಲಾ ಮಡಚುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. “ಯಾ ಅಲ್ಲಾ! ಅವರು ನಿಮ್ಮನ್ನ ಮುಂದಿನ ಚುನಾವಣೆಯಲ್ಲಿ ಬಿಡ್ತಾರಾ?”

“ಬಿಡಲ್ಲ.”

“ಹಂಗಿದ್ರೂ ಓದ್ತೀರಾ?”

“ನಿಮ್ಮ ಭಾವನ ಮೈ ಆವತ್ತು ಹೇಗೆ ಸುಡ್ತಿತ್ತು ಗೊತ್ತಾ?” ಎಂದಳು ಉಮಾ. ಇಬ್ಬರೂ ಆ ಬಟ್ಟೆಯನ್ನು ಮಡಚಿ ಮುಗಿಸಿದರು.

ಬಜೆಟ್ ಸಭೆಯಲ್ಲಿ ಮೊದಲಿನಿಂದಲೂ ಗಲಾಟೆ. ಉಮಾ ಎದ್ದು ಓದತೊಡಗಿದಳು. ಅವಳಿಗೆ ಬರುತ್ತಿದ್ದುದು ಆ ಬೀದಿಯ ದನಿ ಒಂದೇ. “ಜೋರಾಗಿ ಓದ್ರಮ್ಮ” ಎಂದು ಹಿಂದಿನಿಂದ ಕೂಗಿದರು. ಅವಳು ಜೋರು ಮಾಡಲು ನೋಡಿದಳು, ಆಗಲಿಲ್ಲ. ಹಾಗೇ ಓದಿದಳು. ತಮ್ಮ ತಮ್ಮ ವಾರ್ಡಿಗೆ ಏನು ಬಂತೆಂದು ಕೇಳಿಸಿಕೊಳ್ಳಲೇಬೇಕಿದ್ದ ಸದಸ್ಯರು ಒಬ್ಬೊಬ್ಬರಾಗಿ ಸುಮ್ಮನಾದರು. ಸ್ವಲ್ಪ ಹೊತ್ತಿಗೆ ಸಭಾಂಗಣದಲ್ಲಿ ಫ್ಯಾನು ತಿರುಗುವುದು, ಹಾಳೆ ಮಗುಚುವುದು ಕೇಳಿಸತೊಡಗಿತು. ಹೊಂಗೆ ಸಾಲಿನ ಜಾಗ ಹಾಗೇ ಉಳಿಯುವುದು. ತಗಡಿನ ತಂಗುದಾಣದ ಬದಲು ಊರಿನ ಉಳಿದ ಶೀಟಿನ ಸಾಲುಗಳ ಎದುರು ಹೊಂಗೆ ನೆಟ್ಟು, ಅವು ಮರವಾಗುವವರೆಗೆ ನೀರು ಹಾಕಿಸುವುದು. ಬೈಪಾಸಿನ ಕಟ್ಟಡಗಳನ್ನು ದೊಡ್ಡದರಿಂದ ಅಳೆಯುವುದು, ಹೆಚ್ಚಿಗೆ ಬಂದ ತೆರಿಗೆಯನ್ನು ಕಂತಿನಲ್ಲಿ ಕಟ್ಟಲು ಬಿಡುವುದು. ಮಂಟಪದ ಹೆಸರು ಓದುವಾಗ ಅವಳು ಯಜ್ಞನಾರಾಯಣರ ಕಡೆ ನೋಡಲಿಲ್ಲ.

ಕೈ ಎತ್ತಲು ಹೇಳಿದಾಗ ಸಭೆ ಅರ್ಧಕ್ಕರ್ಧ ಒಡೆಯಿತು. ಇನಾಯತುಲ್ಲಾ ಮೊದಲು ಗಡ್ಡ ಕೆರೆದುಕೊಂಡ, ಆಮೇಲೆ ಸುತ್ತ ನೋಡಿದ, ಆಮೇಲೆ ಅವಳ ಪರವಾಗಿ ಕೈ ಎತ್ತಿದ. ಇನ್ನು ವಿರೋಧಿಸುವವರು ಎತ್ತಬೇಕು. ಅಷ್ಟರಲ್ಲಿ ಯಜ್ಞನಾರಾಯಣರಿಗೆ ಫೋನು ಬಂದಿತೋ, ಬರಲಿಲ್ಲವೋ, ಅವರು ಅದನ್ನು ಕಿವಿಗಿಟ್ಟುಕೊಂಡು “ಹಲೋ, ಹಲೋ, ಕೇಳಿಸ್ತಿಲ್ಲ” ಎನ್ನುತ್ತಾ ಬಾಗಿಲಿನಿಂದ ಹೊರಗೆ ಹೋದರು. ವಿರೋಧದ ಕಡೆ ಒಂದು ಕೈ ಕಡಿಮೆಯಾಗಿ ಬಜೆಟ್ ಪಾಸಾಯಿತು.

ಹೊರಗೆ ಮೆಟ್ಟಿಲ ಮೇಲೆ ಅವರು ಒಬ್ಬರೇ ನಿಂತಿದ್ದರು. ಉಮಾ ಹತ್ತಿರ ಬಂದಾಗ ರಸ್ತೆ ಕಡೆ ನೋಡುತ್ತಲೇ, “ಅಳತೆಯವರು ಬರೋದು ಯಾವತ್ತು?” ಎಂದರು.

“ನೀವು ಹೇಳಿದ ದಿನ.”

“ಮುಹೂರ್ತ ಇಲ್ಲದ ದಿನ ಬರಲಿ. ಊಟಕ್ಕೆ ನಮ್ಮಲ್ಲೇ ಇರಲಿ ಅಂತ ಹೇಳಿ.” ಸ್ವಲ್ಪ ತಡೆದು, “ನಾನು ಒಪ್ಪಿದೆ ಅಂತ ತಿಳ್ಕೋಬೇಡಿ. ಮುಂದಿನ ವರ್ಷ ಈ ಜಾಗದ ಮಾತು ಮತ್ತೆ ಬರುತ್ತೆ” ಎಂದರು.

“ಬರಲಿ ಸ್ವಾಮಿ. ಆಗ ಮತ್ತೆ ಮಾತಾಡೋಣ.”

ಅವಳು ಮನೆಗೆ ಬರುವ ಹೊತ್ತಿಗೆ ಸಿದ್ದು ಎದ್ದು, ಮುಖ ತೊಳೆದು, ಶಿವಮೊಗ್ಗದ ಬಸ್ಸಿಗೆ ಹೊರಡಲು ಶರಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಒಲೆಯ ಮೇಲೆ ಅವನೇ ಅನ್ನಕ್ಕೆ ನೀರಿಟ್ಟಿದ್ದ.

“ಏನಾಯ್ತೇ?”

“ಪಾಸಾಯ್ತು.”

“ಅಂದ್ರೆ?”

“ಅಂದ್ರೆ ನಾಳೆ ಬಂದು ನಿಮ್ಮ ಜಾಗದಲ್ಲೇ ಮಲಗ್ತೀರಿ. ಈ ವರ್ಷ.”

ಸಿದ್ದು ಗುಂಡಿಯ ಮೇಲಿನ ಕೈ ಹಾಗೇ ನಿಲ್ಲಿಸಿದ. “ನಿದ್ದೆಗೇನೂ ತೆರಿಗೆ ಹಾಕ್ಲಿಲ್ವಾ ಹಾಗಾದ್ರೆ?”

“ಗೊರಕೆಗೆ ಹಾಕೋಣ ಅಂತಿದ್ರು. ನಿಮ್ಮನ್ನ ನೆನೆಸ್ಕೊಂಡು ನಾನೇ ಬೇಡ ಅಂದೆ.”

ಅವನು ನಕ್ಕ. ಉಮಾ ಅಕ್ಕಿ ತೊಳೆಯಲು ಬಗ್ಗಿದವಳು ಮತ್ತೆ ನೆಟ್ಟಗಾಗಿ ಅವನ ಹತ್ತಿರ ಹೋದಳು. ಅವನ ಬಲಗೆನ್ನೆಯ ಮೇಲೆ ಮಂಚದ ಹಗ್ಗದ ಹೆಣಿಗೆ ಅಚ್ಚೊತ್ತಿತ್ತು, ಒಂದರ ಮೇಲೊಂದು ಹಾದು ಹೋದ ಗೆರೆಗಳು. ಅಂಗೈಯನ್ನು ಅಲ್ಲಿಟ್ಟು ನೋಡಿದಳು. ಕೆನ್ನೆ ತಣ್ಣಗಿತ್ತು.

“ಬಸ್ಸು ಹೋಗುತ್ತೆ ಕಣೇ” ಎಂದ ಸಿದ್ದು.

“ಹೋಗ್ಲಿ, ಇನ್ನೊಂದು ಬರುತ್ತೆ” ಎಂದಳು. ಕೈ ತೆಗೆಯಲಿಲ್ಲ.